ಹಾಲಿನ ಲೆಕ್ಕ ಬರೆಯುತ್ತಾ ಸ್ಪ್ರೆಡ್‌ಶೀಟ್ ಕಲಿಯಿರಿ

ಹೈಸ್ಕೂಲಿನ ಕಂಪ್ಯೂಟರ್ ಕೊಠಡಿಯಲ್ಲಿ ಸ್ಪ್ರೆಡ್‌ಶೀಟ್ ಪಾಠ ಎಷ್ಟೋ ಸಲ ಹೀಗೆ ಮುಗಿಯುತ್ತದೆ: ಐದು ಜನರ ಹೆಸರು ಬರೆಯಿರಿ, ಪಕ್ಕದಲ್ಲಿ ಅಂಕ ಬರೆಯಿರಿ, ಶೀರ್ಷಿಕೆಗೆ ಹಳದಿ ಬಣ್ಣ ಹಾಕಿ, ಸುತ್ತ ಗೆರೆ ಎಳೆಯಿರಿ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಬಣ್ಣ ಹಾಕುವುದಕ್ಕೆ ಕಂಪ್ಯೂಟರ್ ಯಾಕೆ, ಸ್ಕೆಚ್ ಪೆನ್ ಸಾಕು. ಸ್ಪ್ರೆಡ್‌ಶೀಟ್ ಇರುವುದು ಲೆಕ್ಕಕ್ಕೆ, ಅದರಲ್ಲೂ ಮತ್ತೆ ಮತ್ತೆ ಬದಲಾಗುವ ಲೆಕ್ಕಕ್ಕೆ.

ಅದಕ್ಕೇ ಈ ಲೇಖನದಲ್ಲಿ ಒಂದೇ ಒಂದು ಲೆಕ್ಕ ಹಿಡಿದುಕೊಳ್ಳೋಣ, ಕೊನೆಯವರೆಗೂ ಅದನ್ನೇ ಬೆಳೆಸೋಣ: ಡೇರಿಗೆ ಹಾಕುವ ಹಾಲಿನ ಲೆಕ್ಕ. ಮನೆಯಲ್ಲಿ ಹಸು ಇದ್ದವರಿಗೆ ಇದು ಗೊತ್ತಿರುವ ವಿಷಯ. ಇಲ್ಲದವರು ಪೇಪರ್ ಬಿಲ್, ನೀರಿನ ಕ್ಯಾನ್, ಅಂಗಡಿಯ ಸಾಲದ ಪುಸ್ತಕ, ಯಾವುದನ್ನಾದರೂ ಇಟ್ಟುಕೊಳ್ಳಿ. ಲೆಕ್ಕದ ರೀತಿ ಒಂದೇ.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ಕಾಲಂಗಳ ಹೆಸರು, ಸೂತ್ರದ ಪದಗಳು ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಬಿ2 ಎಂದಿದ್ದರೆ ಇಂಗ್ಲಿಷಿನ ಎರಡನೇ ಅಕ್ಷರ, ಅದಕ್ಕೆ ಅಂಟಿಕೊಂಡಂತೆ 2. ಸಮ್ ಎಂದಿದ್ದರೆ ಎಸ್, ಯು, ಎಂ ಎಂಬ ಮೂರು ಅಕ್ಷರ. ದೊಡ್ಡಕ್ಷರವೋ ಸಣ್ಣಕ್ಷರವೋ, ಎರಡೂ ನಡೆಯುತ್ತದೆ.

ಯಾವ ಸಾಫ್ಟ್‌ವೇರ್?

ಯಾವುದಾದರೂ ಸರಿ. ಶಾಲೆಯ ಕಂಪ್ಯೂಟರಿನಲ್ಲಿ ಉಬುಂಟು ಇದ್ದರೆ ಸಾಮಾನ್ಯವಾಗಿ ಲಿಬ್ರೆಆಫೀಸ್ ಕ್ಯಾಲ್ಕ್ ಇರುತ್ತದೆ, ಅದು ಉಚಿತ. ವಿಂಡೋಸ್ ಇದ್ದ ಕಡೆ ಎಕ್ಸೆಲ್ ಇರಬಹುದು. ಮನೆಯಲ್ಲಿ ಫೋನ್ ಮಾತ್ರ ಇದ್ದರೆ ಗೂಗಲ್ ಶೀಟ್ಸ್ ಆ್ಯಪ್ ಸಾಕು, ಒಂದು ಗೂಗಲ್ ಖಾತೆ ಇದ್ದರಾಯಿತು. ಇಲ್ಲಿ ಹೇಳುವ ಸೂತ್ರಗಳು ಮೂರರಲ್ಲೂ ಒಂದೇ ಥರ ಕೆಲಸ ಮಾಡುತ್ತವೆ. ಮೆನು ಇರುವ ಜಾಗ ಮಾತ್ರ ಬೇರೆ ಬೇರೆ. "ನಮ್ಮಲ್ಲಿ ಎಕ್ಸೆಲ್ ಇಲ್ಲ" ಎಂದು ಕೈಕಟ್ಟಿ ಕೂರಬೇಕಾಗಿಲ್ಲ.

ಚೌಕಗಳ ಊರು

ಹೊಸ ಹಾಳೆ ತೆರೆದರೆ ಚೌಕಗಳೋ ಚೌಕಗಳು. ಮೇಲಿನಿಂದ ಕೆಳಕ್ಕೆ ಇಳಿಯುವುದು ಕಾಲಂ, ಅದಕ್ಕೆ ಎ, ಬಿ, ಸಿ ಎಂದು ಅಕ್ಷರದ ಹೆಸರು. ಅಡ್ಡಕ್ಕೆ ಹೋಗುವುದು ಸಾಲು, ಅದಕ್ಕೆ 1, 2, 3 ಎಂದು ಅಂಕಿ. ಎರಡೂ ಕೂಡುವ ಚೌಕವೇ ಸೆಲ್. ಸಿ ಕಾಲಂ, 4ನೇ ಸಾಲು ಸೇರುವಲ್ಲಿ ಸಿ4. ಇದು ಆ ಸೆಲ್ಲಿನ ವಿಳಾಸ. ನೀವು ಯಾವ ಸೆಲ್‌ನಲ್ಲಿದ್ದೀರೋ ಅದರ ವಿಳಾಸ ಎಡಮೇಲಿನ ಪುಟ್ಟ ಡಬ್ಬಿಯಲ್ಲಿ ಕಾಣುತ್ತದೆ.

ಕಂಟ್ರೋಲ್ ಹಿಡಿದು ಕೆಳಬಾಣ ಒತ್ತಿ ನೋಡಿ. ಖಾಲಿ ಹಾಳೆಯಾದರೆ ನೇರ ತಳಕ್ಕೆ ಬೀಳುತ್ತೀರಿ. ಎಕ್ಸೆಲ್‌ನಲ್ಲಿ ಆ ತಳ 10,48,576ನೇ ಸಾಲು. ದಿನಕ್ಕೊಂದು ಸಾಲು ಹಾಲಿನ ಲೆಕ್ಕ ಬರೆದರೂ ಹಾಳೆ ತುಂಬಲು 2,800 ವರ್ಷ ದಾಟಬೇಕು. ಕಂಟ್ರೋಲ್ ಮತ್ತು ಹೋಮ್ ಒಟ್ಟಿಗೆ ಒತ್ತಿ ಎ1ಕ್ಕೆ ವಾಪಸ್ ಬನ್ನಿ.

ಮೊದಲ ಸಾಲಿನಲ್ಲಿ ಶೀರ್ಷಿಕೆಗಳು: ಎ1ರಲ್ಲಿ ದಿನಾಂಕ, ಬಿ1ರಲ್ಲಿ ಬೆಳಿಗ್ಗೆ, ಸಿ1ರಲ್ಲಿ ಸಂಜೆ, ಡಿ1ರಲ್ಲಿ ಒಟ್ಟು ಲೀಟರ್, ಇ1ರಲ್ಲಿ ಹಾಲಿನ ಹಣ, ಎಫ್1ರಲ್ಲಿ ಪ್ರೋತ್ಸಾಹಧನ. ಒಂದನ್ನು ಬರೆದು ಟ್ಯಾಬ್ ಒತ್ತಿದರೆ ಬಲಕ್ಕೆ ಹೋಗುತ್ತೀರಿ. ಸಾಲು ಮುಗಿದ ಮೇಲೆ ಎಂಟರ್ ಒತ್ತಿದರೆ ಕೆಳಗಿನ ಸಾಲಿನ ಮೊದಲಿಗೇ ಬಂದು ನಿಲ್ಲುತ್ತೀರಿ. ಮೌಸ್ ಮುಟ್ಟದೆ ಹೀಗೆ ತುಂಬುವುದು ರೂಢಿಯಾದರೆ ಕೆಲಸ ಸರಸರ ಸಾಗುತ್ತದೆ.

ಈಗ ಜೂನ್ 1ರಿಂದ 7ರವರೆಗಿನ ಹಾಲು ತುಂಬಿ. ದಿನಾಂಕ 2ರಿಂದ 8ನೇ ಸಾಲಿನವರೆಗೆ ಬರುತ್ತದೆ.

ಬೆಳಿಗ್ಗೆ, ಅಂದರೆ ಬಿ ಕಾಲಂ, ಮೇಲಿನಿಂದ: 4.5, 4.8, 4.4, 4.6, 4.7, 4.9, 4.5.
ಸಂಜೆ, ಅಂದರೆ ಸಿ ಕಾಲಂ: 3.5, 3.6, 3.2, ಖಾಲಿ, 3.7, 3.6, 3.5.

ಜೂನ್ 4ರ ಸಂಜೆ ಮನೆಗೆ ನೆಂಟರು ಬಂದಿದ್ದರು, ಡೇರಿಗೆ ಹಾಲು ಹಾಕಲಿಲ್ಲ. ಆ ಸೆಲ್ ಖಾಲಿ ಬಿಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಸೆಲ್ಲಿಗೆ ಕಣ್ಣಿಲ್ಲ

ಬಿ2ರಲ್ಲಿ 4.5 ಎಂದಷ್ಟೇ ಬರೆಯಿರಿ, "4.5 ಲೀ" ಎಂದಲ್ಲ. ನಮ್ಮ ಕಣ್ಣಿಗೆ ಎರಡೂ ಒಂದೇ. ಸ್ಪ್ರೆಡ್‌ಶೀಟಿಗೆ ಮೊದಲನೆಯದು ಸಂಖ್ಯೆ, ಎರಡನೆಯದು ಬರೀ ಪದ. ಪದವನ್ನು ಕೂಡಿಸಲು ಬರುವುದಿಲ್ಲ. ಏನೂ ಅಲಂಕಾರ ಮಾಡದ ಹಾಳೆಯಲ್ಲಿ ಸಂಖ್ಯೆ ಸೆಲ್ಲಿನ ಬಲಕ್ಕೆ ಅಂಟಿಕೊಳ್ಳುತ್ತದೆ, ಪದ ಎಡಕ್ಕೆ. ಬಲಕ್ಕೆ ಇರಬೇಕಾದದ್ದು ಎಡಕ್ಕೆ ಕೂತಿದ್ದರೆ ಎಲ್ಲೋ ತಪ್ಪಿದೆ. ಒಂದು ಖಾಲಿ ಜಾಗವೋ, ಸೊನ್ನೆಯ ಬದಲು ಬಿದ್ದ ಇಂಗ್ಲಿಷಿನ ಓ ಅಕ್ಷರವೋ ಸೇರಿಕೊಂಡಿರುತ್ತದೆ. ಲೀಟರ್ ಎಂಬ ಅಳತೆ ಶೀರ್ಷಿಕೆಯಲ್ಲಿ ಒಂದೇ ಸಲ ಇದ್ದರೆ ಸಾಕು.

ದಿನಾಂಕದ ವಿಷಯ ಇನ್ನೂ ಸ್ವಾರಸ್ಯ. ಎ2ರಲ್ಲಿ 1/6/2025 ಎಂದು ಬರೆದರೆ ಅದು ಒಳಗೊಳಗೆ ಒಂದು ಸಂಖ್ಯೆ. 2025ರ ಜನವರಿ 1 ಅದರ ಮಟ್ಟಿಗೆ 45658, ಮರುದಿನ 45659. ಹಾಗಾಗಿಯೇ ಎರಡು ದಿನಾಂಕಗಳನ್ನು ಕಳೆದು ನಡುವೆ ಎಷ್ಟು ದಿನ ಎಂದು ಹೇಳಲು ಅದಕ್ಕೆ ಸಾಧ್ಯ. ಆದರೆ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 1/6 ಎಂಬುದು ಜನವರಿ 6 ಆಗಿಬಿಡುತ್ತದೆ, ಅಲ್ಲಿ ತಿಂಗಳು ಮೊದಲು. ಇದನ್ನು ಪರೀಕ್ಷಿಸಲು 25/6/2025 ಎಂದು ಬರೆದು ನೋಡಿ. ಬಲಕ್ಕೆ ಹೋದರೆ ನಮ್ಮ ಪದ್ಧತಿ. ಎಡಕ್ಕೆ ಉಳಿದರೆ ಅಮೆರಿಕದ್ದು, ಏಕೆಂದರೆ 25ನೇ ತಿಂಗಳು ಎಂಬುದಿಲ್ಲ.

ಬೇಡವೆಂದರೂ ದಿನಾಂಕ ಮಾಡುವ ಚಾಳಿಯೂ ಇದಕ್ಕಿದೆ. 3-4 ಎಂದು ಬರೆದರೆ ಏಪ್ರಿಲ್ 3 ಎಂದು ಬದಲಿಸಬಹುದು. ಇದು ಮಕ್ಕಳ ತಾಪತ್ರಯ ಮಾತ್ರ ಅಲ್ಲ. ಮನುಷ್ಯರ ಕೆಲವು ಜೀನ್‌ಗಳಿಗೆ, ಅಂದರೆ ವಂಶವಾಹಿಗಳಿಗೆ, ಮಾರ್ಚ್1, ಸೆಪ್ಟ್1 ಎಂಬಂಥ ಹೆಸರುಗಳಿದ್ದವು. ವಿಜ್ಞಾನಿಗಳು ಅವನ್ನು ಎಕ್ಸೆಲ್‌ಗೆ ಹಾಕಿದಾಗಲೆಲ್ಲ ಮಾರ್ಚ್ ತಿಂಗಳ 1ನೇ ತಾರೀಖು ಆಗಿಬಿಡುತ್ತಿತ್ತು. ವರ್ಷಗಟ್ಟಲೆ ಪರದಾಡಿ, 2020ರಲ್ಲಿ ಜೀನ್‌ಗಳ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಿಸಿತು.

ಹಸುವಿನ ಕಿವಿಗೆ ಹಾಕಿದ ಹಳದಿ ಓಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದಲ್ಲ, ಅದನ್ನು ಎಕ್ಸೆಲ್‌ನ ಒಂದು ಸೆಲ್ಲಿನಲ್ಲಿ ಬರೆದು ನೋಡಿ. ನಡುವೆ ಒಂದು ಇ ಅಕ್ಷರ ತೂರಿಸಿ ಏನೇನೋ ತೋರಿಸುತ್ತದೆ. 15 ಅಂಕಿ ಮೀರಿದ ಸಂಖ್ಯೆಯಾದರಂತೂ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿ ಕೂರಿಸುತ್ತದೆ. ಓಲೆ ನಂಬರ್, ಬ್ಯಾಂಕ್ ಖಾತೆ, ಫೋನ್ ನಂಬರ್, 007 ಎಂಬಂಥ ರೋಲ್ ನಂಬರ್ ಇವನ್ನು ಯಾರೂ ಕೂಡಿಸುವುದಿಲ್ಲ, ಗುಣಿಸುವುದಿಲ್ಲ. ಅವು ಅಂಕಿಯ ವೇಷ ಹಾಕಿದ ಹೆಸರುಗಳು. ಬರೆಯುವ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ, ಆಮೇಲೆ ಅಂಕಿ ಬರೆಯಿರಿ. ಬರೆದದ್ದು ಬರೆದಂತೆಯೇ ಉಳಿಯುತ್ತದೆ.

ಕನ್ನಡದಲ್ಲಿ ಶೀರ್ಷಿಕೆ ಬರೆಯುವವರು ಯೂನಿಕೋಡ್ ಕನ್ನಡವನ್ನೇ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವನ್ನೇ, ಬಳಸಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳ ರಾಶಿಯಾಗಬಹುದು, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ.

ಮೊದಲ ಸೂತ್ರ

ಡಿ2ಕ್ಕೆ ಹೋಗಿ. ಅಲ್ಲಿ 8 ಬರಬೇಕು. 4.5ಕ್ಕೆ 3.5 ಸೇರಿಸಿದರೆ 8 ಎಂಬುದು ನಿಮಗೆ ಗೊತ್ತು, ಆದರೂ 8 ಎಂದು ಬರೆಯಬೇಡಿ. ಹೀಗೆ ಬರೆಯಿರಿ:

=ಬಿ2+ಸಿ2

ಎಂಟರ್ ಒತ್ತಿ. 8 ಬಂತು. ಸೆಲ್ಲಿನಲ್ಲಿ 8 ಕಾಣುತ್ತದೆ, ಮೇಲಿನ ಉದ್ದನೆಯ ಪಟ್ಟಿಯಲ್ಲಿ ಸೂತ್ರ ಕಾಣುತ್ತದೆ. ಸೂತ್ರ ಯಾವಾಗಲೂ ಸಮ ಚಿಹ್ನೆಯಿಂದಲೇ ಶುರು. ಅದನ್ನು ಮರೆತರೆ ಬರೆದದ್ದು ಪದವಾಗಿ ಅಲ್ಲೇ ಉಳಿಯುತ್ತದೆ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ, ಭಾಗಾಕಾರಕ್ಕೆ ಓರೆಗೆರೆ. ಮೊದಲು ಆವರಣ, ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಕೂಡು ಕಳೆ ಎಂಬ ಗಣಿತದ ನಿಯಮ ಇಲ್ಲೂ ಹಾಗೆಯೇ.

ಈಗ ಬಿ2ರ 4.5 ಅಳಿಸಿ 5 ಮಾಡಿ. ಡಿ2 ತಾನಾಗಿ 8.5 ಆಯಿತೇ? ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಇದಕ್ಕಾಗಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಮೇಷ್ಟರು ಕಪ್ಪುಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಅದನ್ನು ನಂಬಿಕೊಂಡ ಅಂಕಿಗಳನ್ನೆಲ್ಲ ಒರೆಸಿ ಮತ್ತೆ ಬರೆಯಬೇಕಾಗುವುದನ್ನು ಗಮನಿಸಿದರು. ಬಾಬ್ ಫ್ರಾಂಕ್‌ಸ್ಟನ್ ಜತೆ ಸೇರಿ ಅವರು ಮಾಡಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಎಕ್ಸೆಲ್ ಬಂದದ್ದು 1985ರಲ್ಲಿ, ಅದೂ ಮೊದಲು ಆಪಲ್ ಮ್ಯಾಕಿಂಟಾಷ್‌ಗೆ. ಬಿ2 ಮತ್ತೆ 4.5 ಮಾಡಿ.

ಇನ್ನೂ ಆರು ದಿನಗಳಿವೆ. ಆರು ಸಲ ಸೂತ್ರ ಬರೆಯಬೇಡಿ. ಡಿ2 ಸೆಲೆಕ್ಟ್ ಮಾಡಿದಾಗ ಅದರ ಬಲ ಕೆಳಮೂಲೆಯಲ್ಲಿ ಒಂದು ಚುಕ್ಕಿ ಕಾಣುತ್ತದೆ. ಅದನ್ನು ಹಿಡಿದು ಡಿ8ರವರೆಗೆ ಎಳೆಯಿರಿ. ಡಿ3 ಒತ್ತಿ ನೋಡಿ, ಅಲ್ಲಿ =ಬಿ3+ಸಿ3 ಇದೆ. ಸೂತ್ರ ಒಂದು ಸಾಲು ಇಳಿದಾಗ ಅದರೊಳಗಿನ ವಿಳಾಸಗಳೂ ಒಂದು ಸಾಲು ಇಳಿದವು. "ನನ್ನ ಎಡಗಡೆಯ ಎರಡು ಮನೆಗಳನ್ನು ಕೂಡಿಸು" ಎಂಬಂತೆ ಅದು ನೆನಪಿಟ್ಟುಕೊಂಡಿದೆ. ನಿಮ್ಮ ಡಿ ಕಾಲಂನಲ್ಲಿ ಈಗ 8, 8.4, 7.6, 4.6, 8.4, 8.5, 8 ಇರಬೇಕು.

ಡಾಲರ್ ಚಿಹ್ನೆಗೂ ದುಡ್ಡಿಗೂ ಸಂಬಂಧವಿಲ್ಲ

ಇಲ್ಲಿ ಸ್ವಲ್ಪ ನಿಧಾನಿಸಿ. ಸ್ಪ್ರೆಡ್‌ಶೀಟ್ ಬಲ್ಲೆ ಎನ್ನುವ ದೊಡ್ಡವರು ಎಷ್ಟೋ ಜನ ಮುಗ್ಗರಿಸುವ ಜಾಗ ಇದು.

ಲೀಟರಿಗೆ 34 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ನಿಮ್ಮ ಡೇರಿಯ ದರ ಬೇರೆ ಇರುತ್ತದೆ, ಅದನ್ನೇ ಹಾಕಿಕೊಳ್ಳಿ. ಇದರ ಜತೆಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಎಂದು ಹಿಡಿಯೋಣ, ಅದು ಬೇರೆಯಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಇ2ರಲ್ಲಿ =ಡಿ2*34 ಎಂದು ಬರೆಯಬಹುದೇ? ಬರೆಯಬಹುದು, ಉತ್ತರವೂ ಸರಿ ಬರುತ್ತದೆ. ಆದರೆ ನಾಳೆ ದರ 36 ಆದರೆ ಏಳು ಸೆಲ್ ತಿದ್ದಬೇಕು, ತಿಂಗಳ ಲೆಕ್ಕವಾದರೆ ಮೂವತ್ತು. ಒಂದನ್ನು ಮರೆತರೂ ಒಟ್ಟು ತಪ್ಪು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ದರಕ್ಕೊಂದು ಸ್ವಂತ ಮನೆ ಕೊಡೋಣ. ಐ1ರಲ್ಲಿ "ದರ" ಎಂದು ಬರೆದು ಜೆ1ರಲ್ಲಿ 34 ಹಾಕಿ. ಐ2ರಲ್ಲಿ "ಪ್ರೋತ್ಸಾಹಧನ" ಎಂದು ಬರೆದು ಜೆ2ರಲ್ಲಿ 5 ಹಾಕಿ. ಜೆ3 ಖಾಲಿ ಇರಲಿ. ಜಿ ಮತ್ತು ಎಚ್ ಕಾಲಂಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಇ2ರಲ್ಲಿ ಬೇಕೆಂದೇ ತಪ್ಪಾಗಿ ಹೀಗೆ ಬರೆಯಿರಿ:

=ಡಿ2*ಜೆ1

272 ಬಂತು, ಸರಿ. ಈಗ ಚುಕ್ಕಿ ಹಿಡಿದು ಇ8ರವರೆಗೆ ಎಳೆಯಿರಿ. ಇ3ರಲ್ಲಿ 285.6 ಬರಬೇಕಿತ್ತು, 42 ಬಂದಿದೆ. ಇ4ರಲ್ಲಿ ಸೊನ್ನೆ! ಇ3 ಒತ್ತಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ: =ಡಿ3*ಜೆ2. ಕೆಳಕ್ಕೆ ಎಳೆದಾಗ ಡಿ ಇಳಿದಂತೆ ಜೆ ಕೂಡ ಇಳಿದು, ದರದ ಬದಲು ಪ್ರೋತ್ಸಾಹಧನದ 5ರಿಂದ ಗುಣಿಸಿದೆ. ಅದರ ಕೆಳಗಿನ ಸಾಲಿನಲ್ಲಿ ಖಾಲಿ ಜೆ3ರಿಂದ ಗುಣಿಸಿ ಸೊನ್ನೆ ಕೊಟ್ಟಿದೆ. ಡಿ ಇಳಿಯಬೇಕು, ಜೆ1 ಕದಲಬಾರದು. ಕದಲಬಾರದ್ದಕ್ಕೆ ಮೊಳೆ ಹೊಡೆಯುವುದೇ ಡಾಲರ್ ಚಿಹ್ನೆಯ ಕೆಲಸ:

=ಡಿ2*$ಜೆ$1

ಅಕ್ಷರದ ಮುಂದಿನ ಡಾಲರ್ ಕಾಲಂ ಹಿಡಿದಿಡುತ್ತದೆ, ಅಂಕಿಯ ಮುಂದಿನದು ಸಾಲನ್ನು ಹಿಡಿದಿಡುತ್ತದೆ. ಸೂತ್ರ ಬರೆಯುವಾಗ ಜೆ1 ಪಕ್ಕ ಕರ್ಸರ್ ಇಟ್ಟು ಕೀಲಿಮಣೆಯ ಮೇಲ್ಸಾಲಿನ ಎಫ್4 ಕೀ ಒತ್ತಿದರೆ ಎರಡೂ ಡಾಲರ್ ಒಟ್ಟಿಗೆ ಬೀಳುತ್ತವೆ. ಈಗ ಎಳೆಯಿರಿ: 272, 285.6, 258.4, 156.4, 285.6, 289, 272. ಎಫ್2ರಲ್ಲಿ =ಡಿ2*$ಜೆ$2 ಎಂದು ಬರೆದು ಅದನ್ನೂ ಎಳೆಯಿರಿ.

ಜೆ1ರಲ್ಲಿ 34 ತೆಗೆದು 36 ಹಾಕಿ ನೋಡಿ. ಇಡೀ ಇ ಕಾಲಂ ಒಂದೇ ಏಟಿಗೆ ಬದಲಾಯಿತು. ಮತ್ತೆ 34 ಮಾಡಿ.

"ನಮ್ಮ ಡೇರಿಯಲ್ಲಿ ದಿನಾ ಒಂದೇ ದರ ಇರುವುದಿಲ್ಲ, ಫ್ಯಾಟ್ ನೋಡಿ ಕೊಡುತ್ತಾರೆ" ಎನ್ನುತ್ತೀರಾ? ಸರಿಯೇ. ಹಾಗಿದ್ದರೆ ದರ ಪ್ರತಿ ಸಾಲಿಗೂ ಬೇರೆ, ಅದಕ್ಕೊಂದು ಕಾಲಂ ಬೇಕು, ಡಾಲರ್ ಬೇಡ. ದಿನಕ್ಕೊಮ್ಮೆ ಬದಲಾಗುವುದು ಸಾಲಿನಲ್ಲಿರಲಿ, ಎಲ್ಲ ದಿನಕ್ಕೂ ಒಂದೇ ಆಗಿರುವುದು ಪಕ್ಕದಲ್ಲಿ ಒಂಟಿಯಾಗಿರಲಿ. ಈ ಒಂದನ್ನು ಮೊದಲೇ ಯೋಚಿಸಿಕೊಂಡರೆ ಹಾಳೆಯ ಅರ್ಧ ಕೆಲಸ ಮುಗಿದಂತೆ.

ಒಟ್ಟು, ಸರಾಸರಿ, ಮತ್ತು ಖಾಲಿ ಸೆಲ್

ಒಟ್ಟು ಬರೆಯುವುದು ಎಲ್ಲಿ? ಎಲ್ಲರೂ ಪಟ್ಟಿಯ ಕೆಳಗೆ ಬರೆಯುತ್ತಾರೆ, ನೋಟ್‌ಬುಕ್ಕಿನ ಅಭ್ಯಾಸ. ಬೆಳೆಯುವ ಪಟ್ಟಿಗೆ ಅದು ತೊಡಕು. ನಾಳಿನ ಹಾಲು ಬರೆಯಲು ಹೋದರೆ ಒಟ್ಟು ಅಡ್ಡ ಬರುತ್ತದೆ. ನಾನು ಒಟ್ಟನ್ನು ಪಕ್ಕದಲ್ಲಿ ಇಡುತ್ತೇನೆ. ಐ4ರಲ್ಲಿ "ಒಟ್ಟು ಲೀಟರ್" ಎಂದು ಬರೆದು ಜೆ4ರಲ್ಲಿ:

=ಸಮ್(ಡಿ2:ಡಿ40)

ನಡುವಿನ ಎರಡು ಚುಕ್ಕಿಗೆ "ಇಲ್ಲಿಂದ ಅಲ್ಲಿಯವರೆಗೆ" ಎಂದರ್ಥ. ಉತ್ತರ 53.5. ಸದ್ಯಕ್ಕೆ ಡಿ8ರವರೆಗೆ ಮಾತ್ರ ಅಂಕಿಗಳಿದ್ದರೂ 40ರವರೆಗೆ ಜಾಗ ಬಿಟ್ಟಿದ್ದೇವೆ. ಡಿ8ಕ್ಕೇ ನಿಲ್ಲಿಸಿದ್ದರೆ ಜೂನ್ 8ರ ಹಾಲು ಒಟ್ಟಿಗೆ ಸೇರದೆ ಹೊರಗೇ ಉಳಿಯುವ ಅಪಾಯವಿತ್ತು.

ಇದೇನು ಮಹಾ ಎನ್ನಬೇಡಿ. ದೇಶಗಳ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ ಕಾರ್ಮೆನ್ ರೀನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಬರೆದ ಪ್ರಬಂಧವನ್ನು ಹಲವು ದೇಶಗಳ ರಾಜಕಾರಣಿಗಳು ಆಧಾರವಾಗಿ ಎತ್ತಿ ಹೇಳುತ್ತಿದ್ದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆ ತೆರೆದು ನೋಡಿದಾಗ ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದಲೇ ಹೊರಗೆ. ಪ್ರಬಂಧದಲ್ಲಿ ಬೇರೆ ತಕರಾರುಗಳೂ ಇದ್ದವು, ಆದರೆ ಜನರ ನೆನಪಿನಲ್ಲಿ ಉಳಿದದ್ದು ಎಕ್ಸೆಲ್ ತಪ್ಪು.

ಜೆ5ರಲ್ಲಿ =ಸಮ್(ಇ2:ಇ40), ಇದು ಹಾಲಿನ ಹಣ, 1819 ರೂಪಾಯಿ. ಜೆ6ರಲ್ಲಿ =ಸಮ್(ಎಫ್2:ಎಫ್40), ಇದು ಪ್ರೋತ್ಸಾಹಧನ, 267.5 ರೂಪಾಯಿ. ಪಕ್ಕದ ಐ ಕಾಲಂನಲ್ಲಿ ಹೆಸರು ಬರೆಯುವುದನ್ನು ಮರೆಯಬೇಡಿ. ಹೆಸರಿಲ್ಲದ ಅಂಕಿಯ ಅರ್ಥ ಮುಂದಿನ ವಾರ ನಿಮಗೇ ನೆನಪಿರುವುದಿಲ್ಲ.

ಇನ್ನು ಸಂಜೆಯ ಸರಾಸರಿ. ಜೆ7ರಲ್ಲಿ:

=ಆವರೇಜ್(ಸಿ2:ಸಿ40)

3.51666 ಎಂದು ಬಾಲ ಉದ್ದವಾಗಿ ಬರುತ್ತದೆ. ಈಗ ಖಾಲಿ ಬಿಟ್ಟಿದ್ದ ಸಿ5ರಲ್ಲಿ 0 ಹಾಕಿ ನೋಡಿ. 3.01ಕ್ಕೆ ಇಳಿಯಿತು! ಖಾಲಿ ಸೆಲ್ಲನ್ನು ಆವರೇಜ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, 21.1 ಲೀಟರನ್ನು 6ರಿಂದ ಭಾಗಿಸುತ್ತದೆ. ಸೊನ್ನೆ ಇದ್ದರೆ 7ರಿಂದ. ಯಾವುದು ಸರಿ? ಅದು ನೀವು ಕೇಳುವ ಪ್ರಶ್ನೆಯ ಮೇಲಿದೆ. ಹಸು ಸಂಜೆ ಎಷ್ಟು ಕೊಡುತ್ತದೆ ಎಂದು ಕೇಳಿದರೆ ಖಾಲಿಯೇ ಸರಿ, ಆ ಸಂಜೆಯೂ ಹಸು ಹಾಲು ಕೊಟ್ಟಿದೆ, ಕುಡಿದವರು ನೆಂಟರು. ಡೇರಿಗೆ ದಿನಕ್ಕೆ ಸರಾಸರಿ ಎಷ್ಟು ಹೋಯಿತು ಎಂದು ಕೇಳಿದರೆ ಸೊನ್ನೆಯೇ ಸರಿ. ಪರೀಕ್ಷೆಗೆ ಗೈರಾದವನ ಅಂಕ ಬರೆಯುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಕಂಪ್ಯೂಟರ್ ಇದನ್ನು ನಿಮಗಾಗಿ ತೀರ್ಮಾನಿಸುವುದಿಲ್ಲ. ಸಿ5 ಮತ್ತೆ ಖಾಲಿ ಮಾಡಿ.

ಬಾಲ ಕತ್ತರಿಸಲು ಮೆನುವಿನಲ್ಲಿ ದಶಮಾಂಶ ಕಡಿಮೆ ಮಾಡುವ ಗುಂಡಿ ಇದೆ. ಅದು ಕಾಣುವುದನ್ನು ಮಾತ್ರ ಕತ್ತರಿಸುತ್ತದೆ, ಒಳಗೆ ಪೂರ್ತಿ ಅಂಕಿ ಹಾಗೇ ಇರುತ್ತದೆ. ಮ್ಯಾಕ್ಸ್ ಅತಿ ಹೆಚ್ಚಿನದನ್ನು, ಮಿನ್ ಅತಿ ಕಡಿಮೆಯದನ್ನು, ಕೌಂಟ್ ಎಷ್ಟು ಸೆಲ್‌ಗಳಲ್ಲಿ ಸಂಖ್ಯೆ ಇದೆ ಎಂಬುದನ್ನು ಕೊಡುತ್ತವೆ. ಬರೆಯುವ ರೀತಿ ಸಮ್‌ನಂತೆಯೇ, ನೀವೇ ಮಾಡಿ ನೋಡಿ.

ಪ್ರಶ್ನೆ ಕೇಳುವ ಸೂತ್ರ

ಖಾಲಿ ಉಳಿಸಿದ ಜಿ ಕಾಲಂ ಈಗ ಬೇಕು. 8 ಲೀಟರಿಗಿಂತ ಕಡಿಮೆಯಾದ ದಿನಗಳನ್ನು ಗುರುತಿಸೋಣ. ಜಿ2ರಲ್ಲಿ:

=ಇಫ್(ಡಿ2<8,"ಕಡಿಮೆ","ಸರಿ")

ಇದನ್ನು ಮನಸ್ಸಿನಲ್ಲಿ ಹೀಗೆ ಓದಿಕೊಳ್ಳಿ: ಡಿ2 ಎಂಟಕ್ಕಿಂತ ಕಡಿಮೆಯೇ? ಹೌದಾದರೆ "ಕಡಿಮೆ" ಎನ್ನು, ಇಲ್ಲವಾದರೆ "ಸರಿ" ಎನ್ನು. ಪದಗಳ ಸುತ್ತ ಜೋಡಿ ಉದ್ಧರಣ ಚಿಹ್ನೆ ಬೇಕೇ ಬೇಕು. ಎಳೆದರೆ ಜೂನ್ 3 ಮತ್ತು 4 ಮಾತ್ರ "ಕಡಿಮೆ" ಎನ್ನುತ್ತವೆ. ಆ 8 ಕೂಡ ಸೂತ್ರದೊಳಗೆ ಹೂತು ಕೂತ ಸಂಖ್ಯೆಯಲ್ಲವೇ? ಅದಕ್ಕೂ ಜೆ ಕಾಲಂನಲ್ಲಿ ಒಂದು ಮನೆ ಕೊಟ್ಟು ಸೂತ್ರ ತಿದ್ದುವ ಕೆಲಸ ನಿಮ್ಮದು.

ಹಾಳೆ ಬೈದಾಗ

ತಪ್ಪಾದರೆ ಸ್ಪ್ರೆಡ್‌ಶೀಟ್ ಹ್ಯಾಶ್ ಚಿಹ್ನೆ ಹಾಕಿ ಏನೋ ಬರೆಯುತ್ತದೆ. ಹೆದರಿ ಅಳಿಸಬೇಡಿ, ಅದು ತಪ್ಪಿನ ಜಾಗವನ್ನು ಹೇಳುತ್ತಿದೆ. ಸೆಲ್ ತುಂಬ ಬರೀ ಹ್ಯಾಶ್‌ಗಳೇ ಇದ್ದರೆ ತಪ್ಪೇ ಅಲ್ಲ, ಕಾಲಂ ಕಿರಿದಾಗಿದೆ, ಅಗಲ ಮಾಡಿ. ನೇಮ್ ಎಂದು ಬಂದರೆ ಸೂತ್ರದ ಹೆಸರಿನ ಸ್ಪೆಲಿಂಗ್ ತಪ್ಪಿದೆ ಅಥವಾ ಉದ್ಧರಣ ಚಿಹ್ನೆ ಮರೆತಿದ್ದೀರಿ. ವ್ಯಾಲ್ಯೂ ಎಂದು ಬಂದರೆ ಸಂಖ್ಯೆ ಇರಬೇಕಾದಲ್ಲಿ ಪದ ಇದೆ, ಆ "4.5 ಲೀ" ನೆನಪಿರಲಿ. ಡಿವ್ ಸೊನ್ನೆ ಎಂದರೆ ಸೊನ್ನೆಯಿಂದ ಅಥವಾ ಖಾಲಿ ಸೆಲ್‌ನಿಂದ ಭಾಗಿಸಿದ್ದೀರಿ. ಲಿಬ್ರೆಆಫೀಸ್ 508 ಎಂಬ ನಂಬರ್ ತೋರಿಸಿದರೆ ಆವರಣ ಮುಚ್ಚಿಲ್ಲ. 522 ತೋರಿಸಿದರೆ ಸೂತ್ರ ತನ್ನನ್ನೇ ತಾನು ಕೂಡಿಸಲು ಹೊರಟಿದೆ, ಡಿ9ರಲ್ಲಿ ಕೂತು ಡಿ2ರಿಂದ ಡಿ9ರವರೆಗೆ ಕೂಡಿಸು ಎಂದಂತೆ.

ರೆಫ್ ಎಂಬುದು ಇವುಗಳಲ್ಲಿ ಕೆಟ್ಟದ್ದು. ಸೂತ್ರ ನಂಬಿಕೊಂಡಿದ್ದ ಸೆಲ್ಲೇ ಮಾಯವಾಗಿದೆ ಎಂದರ್ಥ. ನಮ್ಮ ಹಾಳೆಯಲ್ಲೇ ಮಾಡಿ ನೋಡಬಹುದು: ಜೂನ್ 1ರ ಸಾಲು ಬೇಡವೆಂದು ಇಡೀ 2ನೇ ಸಾಲನ್ನು ಡಿಲೀಟ್ ಮಾಡಿ. ಅದೇ ಸಾಲಿನಲ್ಲಿದ್ದ ಜೆ2 ಕೂಡ ಹೋಯಿತು, ಎಫ್ ಕಾಲಂ ಪೂರ್ತಿ ರೆಫ್! ತಕ್ಷಣ ಕಂಟ್ರೋಲ್ ಜೆಡ್ ಒತ್ತಿ. ದರಗಳನ್ನು ಪಟ್ಟಿಯ ಪಕ್ಕದಲ್ಲಿಡುವುದು ಕಲಿಯಲು ಸುಲಭ, ಆದರೆ ಈ ಅಪಾಯ ಇದೆ. ಕೈ ಕುದುರಿದ ಮೇಲೆ ಅವನ್ನು ಎರಡನೇ ಹಾಳೆಗೆ ಸಾಗಿಸಿ, ಕೆಳಗಿನ ಪ್ಲಸ್ ಗುಂಡಿ ಒತ್ತಿದರೆ ಹೊಸ ಹಾಳೆ ಬರುತ್ತದೆ.

ಜೋಡಿಸುವಾಗ ಎಚ್ಚರ

ಹೆಚ್ಚು ಹಾಲು ಹಾಕಿದ ದಿನ ಮೊದಲು ಬರುವಂತೆ ಜೋಡಿಸಬೇಕೆಂದರೆ ಡೇಟಾ ಮೆನುವಿನಲ್ಲಿ ಸಾರ್ಟ್ ಇದೆ. ಎ1ರಿಂದ ಜಿ8ರವರೆಗೆ ಪೂರ್ತಿ ಸೆಲೆಕ್ಟ್ ಮಾಡಿಯೇ ಸಾರ್ಟ್ ಮಾಡಿ, ಮೊದಲ ಸಾಲು ಶೀರ್ಷಿಕೆ ಎಂದು ಗುರುತು ಹಾಕಿ. ಬಿ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಮಾಡಿದರೆ ಒಂದು ದಿನದ ಬೆಳಗಿನ ಹಾಲು ಇನ್ನೊಂದು ದಿನದ ಪಕ್ಕಕ್ಕೆ ಹೋಗಿ ಕೂರುತ್ತದೆ. ಅಂಕಪಟ್ಟಿಯಲ್ಲಿ ಹೀಗಾದರೆ ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ. ಎಚ್ ಕಾಲಂ ಖಾಲಿ ಬಿಟ್ಟದ್ದೂ ಇದಕ್ಕೇ: ಪಟ್ಟಿ ಎಲ್ಲಿ ಮುಗಿಯಿತು ಎಂಬುದು ಕಂಪ್ಯೂಟರಿಗೂ ತಿಳಿಯುತ್ತದೆ.

ಗ್ರಾಫ್

ಸಾರ್ಟ್ ಮಾಡಿದ್ದರೆ ಮೊದಲು ದಿನಾಂಕದ ಕ್ರಮಕ್ಕೆ ವಾಪಸ್ ತನ್ನಿ. ಎ1ರಿಂದ ಎ8 ಹಿಡಿದು, ಕಂಟ್ರೋಲ್ ಒತ್ತಿಕೊಂಡೇ ಡಿ1ರಿಂದ ಡಿ8 ಹಿಡಿಯಿರಿ. ಇನ್ಸರ್ಟ್ ಮೆನುವಿನಲ್ಲಿ ಚಾರ್ಟ್, ಅದರಲ್ಲಿ ಲೈನ್. ಜೂನ್ 4ರಲ್ಲಿ ಗೆರೆ ಹಳ್ಳಕ್ಕೆ ಬಿದ್ದದ್ದು ಕಾಣುತ್ತದೆ. ದಿನ ದಿನದ ಏರಿಳಿತಕ್ಕೆ ಗೆರೆ, ಬೇರೆ ಬೇರೆ ವಸ್ತುಗಳ ಹೋಲಿಕೆಗೆ ಕಂಬ. ಕಂಬದ ಚಿತ್ರದಲ್ಲಿ ಎಡಗಡೆಯ ಅಳತೆ ಸೊನ್ನೆಯಿಂದ ಶುರುವಾಗಿದೆಯೇ ನೋಡಿ. 7ರಿಂದ ಶುರುವಾದರೆ 7.6 ಲೀಟರಿನ ಕಂಬಕ್ಕಿಂತ 8.5ರ ಕಂಬ ಎರಡೂವರೆ ಪಟ್ಟು ಎತ್ತರ ಕಾಣುತ್ತದೆ. ಪತ್ರಿಕೆ, ಟೀವಿಗಳ ಗ್ರಾಫ್ ನೋಡುವಾಗಲೂ ಮೊದಲು ಕಣ್ಣು ಅಲ್ಲಿಗೇ ಹೋಗಲಿ.

ಅಂಕಪಟ್ಟಿಯ ಮೇಲೊಂದು ಪ್ರಯೋಗ

ಹೊಸ ಹಾಳೆಯಲ್ಲಿ ಎಸ್ಸೆಸ್ಸೆಲ್ಸಿಯ ಆರು ವಿಷಯಗಳ ಅಂಕ ಬರೆಯಿರಿ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625 ಎಂದು ಹಿಡಿಯಿರಿ. ಒಬ್ಬಳು ಪ್ರಥಮ ಭಾಷೆಯಲ್ಲಿ 110, ಉಳಿದವುಗಳಲ್ಲಿ 82, 88, 76, 81, 90 ತೆಗೆದಳು ಎನ್ನಿ. ಸಮ್ 527 ಕೊಡುತ್ತದೆ. ಆವರೇಜ್ 87.83 ಕೊಡುತ್ತದೆ, ಅದನ್ನೇ ಶೇಕಡಾ ಎಂದು ಬೀಗುವವರಿದ್ದಾರೆ. ನಿಜವಾದ ಶೇಕಡಾ 527ನ್ನು 625ರಿಂದ ಭಾಗಿಸಿ 100ರಿಂದ ಗುಣಿಸಿದಾಗ ಬರುವ 84.32. ಸೂತ್ರ ಸರಿ, ಹಾಳೆ ಸರಿ, ಎಲ್ಲೂ ಹ್ಯಾಶ್ ಬಂದಿಲ್ಲ, ಆದರೂ ಉತ್ತರ ತಪ್ಪು. 125ರ ವಿಷಯವನ್ನು 100ರ ವಿಷಯಗಳ ಜತೆ ಸರಾಸರಿ ಮಾಡಬಾರದು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ತರಗತಿಯ ಹತ್ತು ಜನರ ಅಂಕ ಹತ್ತು ಸಾಲುಗಳಲ್ಲಿ ಹಾಕಿ, 625ನ್ನು ಒಂದು ಸೆಲ್ಲಿನಲ್ಲಿಟ್ಟು, ಎಲ್ಲರ ಶೇಕಡಾವನ್ನು ಒಂದೇ ಎಳೆತಕ್ಕೆ ತನ್ನಿ. ಡಾಲರ್ ಎಲ್ಲಿ ಬರಬೇಕು ಎಂದು ಈಗ ನಿಮಗೇ ಗೊತ್ತಾಗಬೇಕು.

ಉಳಿಸುವುದು

ಐದೈದು ನಿಮಿಷಕ್ಕೆ ಕಂಟ್ರೋಲ್ ಎಸ್. ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಗೂಗಲ್ ಶೀಟ್ಸ್ ತಾನೇ ಉಳಿಸಿಕೊಳ್ಳುತ್ತದೆ. ಲಿಬ್ರೆಆಫೀಸ್‌ನಲ್ಲಿ ಮಾಡಿದ್ದನ್ನು ಎಕ್ಸೆಲ್ ಇರುವವರಿಗೆ ಕೊಡಬೇಕಾದರೆ ಸೇವ್ ಆ್ಯಸ್‌ನಲ್ಲಿ ಎಕ್ಸೆಲ್ ಮಾದರಿ ಆರಿಸಿ. ಸಿಎಸ್‌ವಿ ಎಂಬ ಆಯ್ಕೆ ಬೇಡ, ಅದರಲ್ಲಿ ಒಂದೇ ಹಾಳೆ ಉಳಿಯುತ್ತದೆ, ಸೂತ್ರಗಳು ಹೋಗಿ ಉತ್ತರಗಳಷ್ಟೇ ಸಿಗುತ್ತವೆ. ಲ್ಯಾಬಿನಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸುವುದರಿಂದ ಫೈಲಿಗೆ ತರಗತಿ, ಹೆಸರು, ವಿಷಯ ಸೇರಿಸಿ ಹೆಸರಿಡಿ. ಬರೀ "ಹೊಸದು" ಎಂದಿಟ್ಟರೆ ನಾಳೆ ಬೆಳಿಗ್ಗೆ ಅಲ್ಲಿ ನಾಲ್ಕು "ಹೊಸದು" ಇರುತ್ತವೆ.

ಬಟವಾಡೆಯ ದಿನ ಅಮ್ಮನ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಲೀಟರ್‌ಗಳನ್ನು ಮೊದಲು ತಾಳೆ ನೋಡಿ, ಆಮೇಲೆ ಹಣ. ಲೀಟರ್ ಸರಿಯಿದ್ದು ಹಣ ಮಾತ್ರ ವ್ಯತ್ಯಾಸ ಬಂದರೆ ಜೆ1ರಲ್ಲಿ ಯಾವ ದರ ಇದೆ ಎಂದು ನೋಡಿಕೊಳ್ಳಿ. ಡೇರಿಗೆ ಹೋಗಿ ಕೇಳುವುದು ಅದಾದ ಮೇಲೆ.